ಸೀಟು ಹಿಂದಕ್ಕೆ ಸರಿಯಲಿಲ್ಲ

ಬಳ್ಳಾರಿಯಲ್ಲಿ ಆಫೀಸಿಗೆ ಜಾಗ ಹುಡುಕುತ್ತಿದ್ದಾಗ ದಲ್ಲಾಳಿ ಒಳ್ಳೊಳ್ಳೆಯ ಕೋಣೆಗಳನ್ನೇ ತೋರಿಸಿದ್ದ. ಒಂದರಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು, ಇನ್ನೊಂದರ ಬಾಡಿಗೆ ಕಡಿಮೆ. ನಾನು ಹಿಡಿದದ್ದು ಔಷಧಿ ಅಂಗಡಿಯ ಮೇಲಿನ ಕತ್ತಲೆ ಕೋಣೆ. ಬೇಸಿಗೆಯಲ್ಲಿ ಅದರೊಳಗೆ ಕೂತರೆ ಒಲೆಯ ಮೇಲಿನ ಹಂಚಿನ ಮೇಲೆ ಕೂತ ಹಾಗೆ. ಆದರೆ ಅದರ ಕಿಟಕಿ ತೆರೆದರೆ ರಸ್ತೆಯಾಚೆ, ಎದುರಿಗೇ, ಅವರ ಆಫೀಸಿನ ಬಾಗಿಲು ಕಾಣುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಬೋರ್ಡು ಬರೆಯುವವನಿಗೆ, "ಎದುರಿಗಿನ ಬೋರ್ಡಿಗಿಂತ ನಂದು ಒಂದು ಗೇಣು ದೊಡ್ಡದಿರಲಿ" ಎಂದು ಹೇಳಿದೆ.

ಅವರು ಅಂದರೆ ನನಗೆ ಈ ಕೆಲಸ ಕಲಿಸಿದ ವಿಮಾ ಸರ್ವೇಯರ್. ಕಾರು ಗುದ್ದಿದರೆ, ಯಂತ್ರ ಸುಟ್ಟರೆ, ಗೋದಾಮಿಗೆ ನೀರು ನುಗ್ಗಿದರೆ ವಿಮಾ ಕಂಪನಿ ಹಣ ಕೊಡುವ ಮುಂಚೆ ಒಬ್ಬರನ್ನು ಕಳಿಸುತ್ತದೆ. ಹೋಗಿ ನೋಡಿ, ಆದದ್ದು ನಿಜವೋ ಅಲ್ಲವೋ, ನಷ್ಟ ಎಷ್ಟೆಂದು ವರದಿ ಬರೆಯುವುದು ಅವರ ಕೆಲಸ. ಬಳ್ಳಾರಿ ಸುತ್ತಮುತ್ತ ಈ ಕೆಲಸದಲ್ಲಿ ಅವರದೇ ದೊಡ್ಡ ಹೆಸರು. ಆರಡಿ ಎತ್ತರ, ಅದಕ್ಕೆ ತಕ್ಕ ಮೈ, ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕೇ ಹೋಗುತ್ತಿತ್ತು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ನಾನು ಸಿರುಗುಪ್ಪದಿಂದ ಬಂದಾಗ ಅವರ ಕೈಕೆಳಗೆ ತರಬೇತಿಗೆ ಸೇರಿದೆ. ನನ್ನಪ್ಪನಿಗೆ ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜಿತ್ತು. ಪಾನಾ, ಗ್ರೀಸು, ಸುಟ್ಟ ವೈರಿನ ವಾಸನೆ ನನಗೆ ಹೊಸದಲ್ಲ. ಹೊಸದಾಗಿದ್ದದ್ದು ಅವರ ಕಣ್ಣು.

"ಮನುಷ್ಯಾರು ಹೇಳೋದು ಆಮೇಲೆ ಕೇಳವಾ," ಅನ್ನುತ್ತಿದ್ದರು. "ಮೊದಲ ಡ್ರೈವರ್ ಸೀಟ್ ನೋಡು, ಕನ್ನಡಿ ನೋಡು. ಯಾರು ಓಡ್ಸ್ಯಾರ ಅನ್ನೋದು ಅವೇ ಹೇಳ್ತಾವ."

ಕಲಿಸುವುದರಲ್ಲಿ ಅವರು ಜಿಪುಣತನ ಮಾಡಲಿಲ್ಲ. ಅದನ್ನು ನಾನು ಈಗಲೂ ಒಪ್ಪುತ್ತೇನೆ.

ಒಂದು ಸುಗ್ಗಿಯಲ್ಲಿ ದೇಶನೂರಿನ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರವೊಂದಕ್ಕೆ ಬೆಂಕಿ ಬಿತ್ತು. ಅವರು ನನ್ನನ್ನೇ ಕಳಿಸಿದರು. ವೈರಿಂಗು, ರೇಡಿಯೇಟರು, ಡ್ರೈವರ್ ಕೂರುವ ಕ್ಯಾಬಿನ್ನು ಸುಟ್ಟಿದ್ದವು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆದು, ಅವರದೇ ಕ್ಯಾಮರಾದಲ್ಲಿ ಫೋಟೋ ತೆಗೆದು, ಅವರ ಕಂಪ್ಯೂಟರಿಗೆ ಹಾಕಿದೆ. ಅವರು ಕಂಪನಿಗೆ ಕಳಿಸಿದ ವರದಿಯಲ್ಲಿ ಎಂಜಿನ್ನೂ ಸುಟ್ಟುಹೋಗಿತ್ತು. ಯಂತ್ರದ ಮಾಲೀಕನಿಗೂ ಅವರಿಗೂ ಏನು ಮಾತಾಗಿತ್ತೋ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮುಂದಿನ ಬೆಳೆಗೆ, ಸುಟ್ಟುಹೋದ ಎಂಜಿನ್ನು ಅದೇ ಗದ್ದೆಯಲ್ಲಿ ಗುಡುಗುಡು ಓಡುವುದನ್ನು ಕಂಡು ಯಾರೋ ಕಂಪನಿಗೆ ದೂರು ಕೊಟ್ಟಾಗ.

ಕಂಪನಿಯಿಂದ ವಿಚಾರಣೆಗೆ ಬಂದವರ ಮುಂದೆ ಅವರು ನನ್ನ ಕಡೆ ಬೆರಳು ಮಾಡಿದರು. "ಹೋಗಿ ನೋಡಿದಾಕಿ ಈಕಿ. ಈಕಿ ಮಾತು ನಂಬಿ ನಾ ಸಹಿ ಮಾಡೀನಿ. ಆ ಮಷೀನು ರಿಪೇರಿ ಆಗಿದ್ದೂ ಈಕಿ ಅಪ್ಪನ ಗ್ಯಾರೇಜಿನಾಗ. ನೀವ ಲೆಕ್ಕ ಹಾಕ್ರಿ."

ರಿಪೇರಿ ಅಪ್ಪನ ಗ್ಯಾರೇಜಿನಲ್ಲಿ ಆಗಿದ್ದು ನಿಜ. ಸಿರುಗುಪ್ಪದಲ್ಲಿ ಅಂಥ ಯಂತ್ರ ಬಿಚ್ಚಬಲ್ಲ ಕೈ ಅಪ್ಪನದೇ. ನಾನು ಹಾಕಿದ್ದ ವರದಿ, ಫೋಟೋ ಎರಡೂ ಈಗ ಕಂಪ್ಯೂಟರಿನಲ್ಲಿ ಇರಲಿಲ್ಲ. ನಾನು ಬಾಯಿ ತೆರೆದೆ; ಅವರು ದೊಡ್ಡ ಕೈಯೆತ್ತಿ, "ಸಣ್ಣ ಹುಡುಗಿ, ಬಿಟ್ಬಿಡ್ರಿ, ಕೇಸು ಬ್ಯಾಡ" ಎಂದು ನನ್ನ ಪರವಾಗಿಯೇ ಬೇಡಿಕೊಂಡರು. ಆ ದಯೆಯನ್ನು ನಾನು ಎಂದೂ ಮರೆತಿಲ್ಲ.

ನನ್ನನ್ನು ಹೊರಗೆ ಹಾಕಿದರು. ಕಂಪನಿಗಳು ಅಪ್ಪನ ಗ್ಯಾರೇಜಿಗೆ ಗಾಡಿ ಕಳಿಸುವುದನ್ನು ನಿಲ್ಲಿಸಿದವು. ಊರಲ್ಲಿ, "ಮಗಳು ಬರೀತಾಳ, ಅಪ್ಪ ತಿಂತಾನ" ಅನ್ನುವ ಮಾತು ಹುಟ್ಟಿತು. ಬಸ್ ನಿಲ್ದಾಣದೆದುರಿನ ಚಾದಂಗಡಿಯ ಬೆಂಚಿನ ಮೇಲೆ ಬೆಳಿಗ್ಗೆ ಪೇಪರ್ ಓದುತ್ತಿದ್ದ ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ನನ್ನನ್ನು ಒಂದೇ ಮಾತು ಕೇಳಿದ.

"ನೀ ಮಾಡೀಯೇನು?"

"ಇಲ್ಲಪ್ಪ."

"ಹಂಗಾದ್ರ ಬಿಡಬ್ಯಾಡ."

ನಾನು ಬಿಡಲಿಲ್ಲ. ಹೊಸಪೇಟೆಯಲ್ಲಿ ಇನ್ನೊಬ್ಬ ಸರ್ವೇಯರ್ ನನ್ನ ಕಥೆ ಕೇಳಿಯೂ ತರಬೇತಿಗೆ ಸೇರಿಸಿಕೊಂಡರು. ಬಳ್ಳಾರಿಯಿಂದ ರೈಲಿನಲ್ಲಿ ಓಡಾಡಿದೆ. ಗದ್ದಲದ ಡಬ್ಬಿಯಲ್ಲಿ ನಿಂತುಕೊಂಡೇ ಪರೀಕ್ಷೆಗೆ ಓದಿದೆ. ಓದು ತಲೆಗೆ ಹತ್ತದಿದ್ದಾಗ ಆ ಎತ್ತಿದ ಕೈಯನ್ನು ನೆನೆಯುತ್ತಿದ್ದೆ, ಹತ್ತುತ್ತಿತ್ತು. ಲೈಸೆನ್ಸ್ ಬಂತು. ಒಂದೊಂದೇ ಕಂಪನಿ ಕೆಲಸ ಕೊಡತೊಡಗಿತು. ಆಮೇಲೆಯೇ ನಾನು ಆ ಕತ್ತಲೆ ಕೋಣೆ ಹಿಡಿದದ್ದು.

ಮೊದಲ ದಿನ ನನ್ನ ಬೋರ್ಡು ನೋಡಿ ಅವರು ರಸ್ತೆಯಾಚೆಯಿಂದಲೇ ನಕ್ಕರು. "ಏನವಾ, ಎದುರಾಬದುರಾ ಬಂದಿ!" ನಾನೂ ನಕ್ಕೆ. ಹಾಗೆ ನಗುತ್ತಲೇ ವರ್ಷಗಳು ಕಳೆದವು. ಅವರ ಬಾಗಿಲಿಗೆ ಯಾರು ಬರುತ್ತಾರೆ, ಯಾರ ಮುಖ ಅರಳಿ ಹೋಗುತ್ತದೆ, ಯಾರದ್ದು ಬಾಡಿ ಹೋಗುತ್ತದೆ ಎಂದು ಕಿಟಕಿಯಿಂದ ನೋಡುತ್ತಿದ್ದೆ. ಮನೆಯವರು ಮದುವೆಯ ಮಾತು ತಂದರು, ಹುಬ್ಬಳ್ಳಿಯಿಂದ ಒಳ್ಳೆಯ ನೌಕರಿ ಬಂತು. ಕಿಟಕಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಒಂದು ಕಂಪನಿಯ ಮ್ಯಾನೇಜರ್ ಫೋನು ಮಾಡಿದರು. ಕುರುಗೋಡಿನ ಹತ್ತಿರ ಒಂದು ಕಾರು, ರಸ್ತೆ ಬದಿಯಲ್ಲಿ ನಿಂತಿದ್ದ ಕಲ್ಲು ತುಂಬಿದ ಟ್ರೈಲರಿಗೆ ಗುದ್ದಿದೆ. ಹೋಗಿ ನೋಡಬೇಕು ಎಂದರು. ಮಾಲೀಕರ ಹೆಸರು ಹೇಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

"ಅವರಿಗೂ ನನಗೂ ಏನಾಗಿತ್ತು ನಿಮಗ ಗೊತ್ತೈತಲ್ರೀ."

"ಗೊತ್ತೈತ್ರಿ. ಉಳಿದವರೆಲ್ಲ ಅವರ ಗೆಳೆಯರು, ಶಿಷ್ಯರು. ಕಣ್ಣು ಮುಚ್ಚಿ ಬರದುಕೊಡ್ತಾರ. ನೀವು ಹಂಗ ಬರಿಯಂಗಿಲ್ಲ. ಬರೆಯೋ ಒಂದೊಂದು ಮಾತಿಗೂ ಫೋಟೋ ಹಚ್ರಿ, ಅಷ್ಟ."

ಕುರುಗೋಡಿಗೆ ಹೋಗುವ ದಾರಿಯುದ್ದಕ್ಕೂ ಬಂಡೆಗುಡ್ಡಗಳು ಬಿಸಿಲಿಗೆ ಕಾಯುತ್ತಿದ್ದವು. ನಾನು ಕಾರನ್ನು ಜೋರಾಗಿಯೇ ಓಡಿಸುತ್ತಿದ್ದೆ. ಹಬ್ಬಕ್ಕೆ ತವರಿಗೆ ಹೊರಟವಳ ಹಾಗೆ ನನಗೆ ಖುಷಿಯಾಗುತ್ತಿತ್ತು. ಒಂದೇ ಹೆದರಿಕೆ, ಅವರು ಹೇಳುವುದೆಲ್ಲ ನಿಜವಾಗಿಬಿಟ್ಟರೆ ಏನು ಮಾಡಲಿ?

ಕಾರು ಊರ ಹೊರಗಿನ ತಗಡಿನ ಶೆಡ್ಡಿನಲ್ಲಿತ್ತು. ಮುಂಭಾಗವೆಲ್ಲ ನಜ್ಜುಗುಜ್ಜು. ಅವರು ನನಗಿಂತ ಮುಂಚೆಯೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮೊಣಕೈಗೊಂದು ಪಟ್ಟಿ. ನನ್ನನ್ನು ಕಂಡು ಅವರ ಮುಖದ ಬಣ್ಣ ಒಂದು ಕ್ಷಣ ಇಳಿಯಿತು.

"ನಿನ್ನ ಕಳಿಸ್ಯಾರೇನವಾ? ಬಾ ಬಾ. ನಾನ ಓಡಸ್ತಿದ್ನಿ. ಎಮ್ಮಿ ಅಡ್ಡ ಬಂತು, ತಪ್ಪಸಾಕ ಹೋಗಿ ಗುದ್ದಿತು. ದೇವರು ದೊಡ್ಡಾಂವ, ಯಾರಿಗೂ ಏನೂ ಆಗಿಲ್ಲ."

ನಾನು ಡ್ರೈವರ್ ಕಡೆಯ ಬಾಗಿಲು ತೆರೆದೆ.

ಸೀಟು ಸ್ಟೇರಿಂಗಿಗೆ ಅಂಟಿಕೊಂಡಂತೆ ಮುಂದಕ್ಕೆ ಸರಿದಿತ್ತು. ಬೆನ್ನಿಗಿಡುವ ದಿಂಬನ್ನು ಹಿಂದಿನ ಸೀಟಿನಡಿ ತುರುಕಿದ್ದರು. ಆರಡಿಯ ಮನುಷ್ಯನಿಗೆ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಬಗ್ಗಿ ನೋಡಿದೆ. ಗುದ್ದಿದ ರಭಸಕ್ಕೆ ನೆಲದ ತಗಡು ಮಡಚಿ, ಸೀಟು ಜಾರುವ ಕಂಬಿಯನ್ನು ಕಚ್ಚಿ ಹಿಡಿದುಬಿಟ್ಟಿತ್ತು. ಕಂಬಿಯ ಮೇಲೆ ಹಾರೆಯಿಂದ ಮೀಟಿದ ಹೊಸ ಗೀರುಗಳು. ಅದು ಜಾರಲೆಂದು ಬಿಟ್ಟ ಎಣ್ಣೆಯಿನ್ನೂ ಹಸಿಯಾಗಿತ್ತು. ನಾನು ಬರುವ ಮುಂಚೆ ಅವರು ಸೀಟನ್ನು ಹಿಂದಕ್ಕೆ ಸರಿಸಲು ಒದ್ದಾಡಿದ್ದರು. ಸರ್ವೇಗೆ ಬರುವವರು ಮೊದಲು ಏನು ನೋಡುತ್ತಾರೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫೋಟೋ ತೆಗೆದೆ. ಮೆಕ್ಯಾನಿಕ್ಕನ್ನು ಕೇಳಿದೆ, "ಈ ಎಣ್ಣಿ ಯಾರು ಬಿಟ್ಟಾರ?" ಅವನು ಅವರ ಮುಖ ನೋಡಿ ತಲೆ ಕೆರೆದುಕೊಂಡ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ನನಗೆ ಸಾಲಲಿಲ್ಲ. ಶೆಡ್ಡಿನವರು, ಟ್ರೈಲರಿನವನು, ಪಕ್ಕದ ಪಂಕ್ಚರ್ ಅಂಗಡಿಯವನು ಎಲ್ಲರೂ ನಿಂತು ನೋಡುತ್ತಿದ್ದರು.

"ಸರ್, ಒಂದೀಟು ಒಳಗ ಕುಂತು ತೋರಸ್ರಿ. ಹೆಂಗ ಓಡಸ್ತಿದ್ರಿ ಅಂತ."

"ಯಾಕವಾ ಅದೆಲ್ಲ..."

"ನೀವ ಕಲಿಸಿದ್ದಲ್ರೀ ಸರ್. ಕುಂದ್ರಿ."

ಅವರು ಕೂರಲು ಹೋದರು. ಮೊದಲು ತಲೆ ಹಾಕಿದರು, ಆಗಲಿಲ್ಲ. ಒಂದು ಕಾಲು ಹಾಕಿದರು, ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿಕೊಂಡು ಹಾರ್ನು ಬಡಿದುಕೊಳ್ಳತೊಡಗಿತು. ಪಂಕ್ಚರ್ ಅಂಗಡಿಯವನು ಫಕ್ಕನೆ ನಕ್ಕ. ನಂತರ ಎಲ್ಲರೂ ನಕ್ಕರು. ಇಬ್ಬರು ಸೇರಿ ಅವರನ್ನು ಹೊರಗೆಳೆದರು. ನಾನು ನಗಲಿಲ್ಲ, ಹಾರ್ನು ನಿಲ್ಲುವವರೆಗೆ ನೋಡುತ್ತಾ ನಿಂತೆ.

ಅವರು ನನ್ನನ್ನು ಬೇವಿನ ಮರದ ಕಡೆ ಕರೆದರು. ದನಿ ಇಳಿದಿತ್ತು. "ಮಗಳು ಓಡಸ್ತಿದ್ಲು. ಕಲಿಯಾಕತ್ತಾಳ, ಇನ್ನೂ ಲೈಸೆನ್ಸ್ ಇಲ್ಲ. ಬಳ್ಳಾರಿ ದವಾಖಾನ್ಯಾಗ ಹಣಿಗೆ ಹೊಲಿಗಿ ಹಾಕ್ಯಾರ. ನಾ ಕ್ಲೇಮು ವಾಪಸ್ ತಗೋತೀನಿ. ಸುಳ್ಳು ಹೇಳೀನಿ ಅಂತ ಮಾತ್ರ ಬರೀಬ್ಯಾಡ. ಬರದಿ ಅಂದ್ರ ಯಾವ ಕಂಪನಿನೂ ನನಗ ಕೆಲಸ ಕೊಡಂಗಿಲ್ಲ. ಈ ವಯಸ್ಸಿನಾಗ ನಾ ಎಲ್ಲಿಗೆ ಹೋಗ್ಲಿ?"

ನಾನು ನನ್ನ ಕಾರಿನ ಕೀಲಿ ತೆಗೆದೆ. "ಸಿರುಗುಪ್ಪಕ್ಕ ಹೋಗೋಣ ಬರ್ರಿ. ದೇಶನೂರಿನ ಎಂಜಿನ್ ಸುಟ್ಟಿದ್ದು ಯಾರ ಪೆನ್ನಿನಾಗ ಅಂತ ನಮ್ಮಪ್ಪನ ಮುಂದ ಹೇಳ್ರಿ."

ಅವರು ಬಂದು ನನ್ನ ಕಾರಿನಲ್ಲಿ ಕೂತರು. ತೆಕ್ಕಲಕೋಟೆ ದಾಟಿದೆವು. ರಸ್ತೆಯ ಎರಡೂ ಬದಿಗೆ ನಾಟಿ ಹಚ್ಚಿದ ಗದ್ದೆ, ಅದರೊಳಗೆ ಬೆಳ್ಳಕ್ಕಿ. ಒಮ್ಮೆ ಮಾತ್ರ, "ನಿಮ್ಮಪ್ಪ ಆರಾಮ ಅದಾರೇನು?" ಎಂದರು. ನಾನು ಹಾಡು ಹಾಕಿದೆ.

ಅಪ್ಪನಿಗೆ ದಾರಿಯಲ್ಲೇ ಫೋನು ಮಾಡಿದ್ದೆ. ಮನೆಯಲ್ಲಿರುತ್ತಾನೆ ಎಂದುಕೊಂಡಿದ್ದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಸ್ ನಿಲ್ದಾಣದೆದುರಿನ ಚಾದಂಗಡಿಯ ಬೆಂಚಿನ ನಟ್ಟನಡುವೆ ಕೂತಿದ್ದ. ಸಂಜೆಯ ಗಿರಾಕಿಗಳು ಸುತ್ತ ತುಂಬಿದ್ದರು.

ಅವರು ಬೆಂಚಿನ ಮುಂದೆ ನಿಂತರು. ಸಣ್ಣ ದನಿಯಲ್ಲಿ, "ಆ ಮಷೀನಿನ ರಿಪೋರ್ಟು ನಾನ ಬರದಿದ್ದೆ. ನಿಮ್ಮ ಮಗಳದೇನೂ ತಪ್ಪಿರಲಿಲ್ಲ" ಎಂದರು.

ಅಪ್ಪ ಕಿವಿಗೆ ಕೈ ಹಚ್ಚಿದ. "ಬಸ್ಸಿನ ಸಪ್ಪಳ ನೋಡ್ರಿ. ಕೇಳ್ಸಲಿಲ್ಲ."

ಅವರು ದನಿ ಏರಿಸಿ ಮತ್ತೆ ಹೇಳಿದರು. ಒಂದಿಬ್ಬರು ತಿರುಗಿ ನೋಡಿದರು.

"ಇನ್ನಾ ಒಂದೀಟು ಗಟ್ಟಿ ಹೇಳ್ರಿ. ವಯಸ್ಸಾಗೈತಿ ನನಗ."

ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಬೀದಿಯ ಕೊನೆಯಲ್ಲಿ ಹೋಗುವ ಟ್ರ್ಯಾಕ್ಟರಿನ ಯಾವ ಸಿಲಿಂಡರು ಕೆಟ್ಟಿದೆ ಎಂದು ಈಗಲೂ ಕೂತಲ್ಲಿಂದ ಹೇಳುತ್ತಾನೆ. ಮೂರನೆಯ ಸಲ ಅವರು ಕೂಗಿಯೇ ಹೇಳಿದರು, "ನಾ ದುಡ್ಡು ತಿಂದು ನಿಮ್ಮ ಮ್ಯಾಲೆ ಹಾಕಿದ್ದೆ!" ಚಾದಂಗಡಿಯ ಮಂದಿಯೆಲ್ಲ ಈಗ ತಿರುಗಿ ನೋಡಿದರು. ಅಪ್ಪ ಕಿವಿಯಿಂದ ಕೈ ತೆಗೆದು, "ಹಾಂ, ಈಗ ಕೇಳ್ತು" ಎಂದು ಹೇಳಿ ತನಗೊಬ್ಬನಿಗೇ ಚಾ ತರಲು ಹೇಳಿದ.

ಅವರನ್ನು ಬಳ್ಳಾರಿ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಬಗ್ಗಿ, "ಇನ್ನ ಮುಗೀತಲ್ಲವಾ?" ಎಂದು ಕೇಳಿದರು. ಬಸ್ಸು ಹೊರಟಿತು. ನಾನು ಕೈ ಬೀಸಿದೆ.

ಮರುದಿನ ವರದಿ ಬರೆದೆ. ಸೀಟು, ದಿಂಬು, ಗೀರು, ಹಸಿ ಎಣ್ಣೆ, ಅವರ ಹೇಳಿಕೆ, ಬೇವಿನ ಮರದ ಕೆಳಗೆ ಅದನ್ನು ಬದಲಿಸಿದ್ದು, ಎಲ್ಲವನ್ನೂ ಬರೆದೆ. ಒಂದು ಅಕ್ಷರವೂ ಸುಳ್ಳಲ್ಲ. ಬರ್ರಿ ಎಂದಿದ್ದೆ, ಬಿಡುತ್ತೇನೆ ಎಂದಿರಲಿಲ್ಲ. ಕಂಪನಿ ಅವರನ್ನು ಕೈಬಿಟ್ಟಿತು, ಉಳಿದ ಕಂಪನಿಗಳೂ ಒಂದೊಂದಾಗಿ ಬಿಟ್ಟವು. ಕೊನೆಗೆ ಅವರ ಆಫೀಸಿನ ಕಪಾಟು, ಮೇಜು ಟಂಟಂ ಗಾಡಿಗೆ ಏರುವುದನ್ನು ನಾನು ನೋಡಿದೆ. ಆ ದಿನ ಬೇರೆ ಕೆಲಸ ಮಾಡಲಿಲ್ಲ.

ಅದಾದ ಮೇಲೆ ಒಮ್ಮೆ ಅವರ ಮಗಳು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ನನಗಿಂತ ಚಿಕ್ಕವಳು, ಗಿಡ್ಡನೆಯ ಹೆಣ್ಣು, ಹಣೆಯ ಮೇಲೆ ಹೊಲಿಗೆಯ ಗುರುತು. ಕೂರು ಎಂದೆ, ಕೂರಲಿಲ್ಲ.

"ಅಪ್ಪ ಸುಳ್ಳು ಹೇಳಿದ್ದು ತಪ್ಪ. ನೀವು ಬರದದ್ದಕ್ಕ ನಂದೇನೂ ತಕರಾರಿಲ್ಲ. ಅದು ನಿಮ್ಮ ಕೆಲಸ," ಎಂದಳು. "ಆದ್ರ ಆ ಸೀಟಿನಾಗ ಕುಂದರ್ಸಿದ್ರಲ್ಲ, ಮಂದಿ ಮುಂದ. ಸಿರುಗುಪ್ಪಕ್ಕ ಕರ್ಕೊಂಡು ಹೋದ್ರಲ್ಲ. ಅದೂ ಕೆಲಸ ಏನ್ರಿ?"

"ಅಲ್ಲ," ಎಂದೆ. "ಅದು ನನ್ನ ಹಳೇ ಲೆಕ್ಕ."

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನ ಮುಖವನ್ನು, ಮೇಜನ್ನು, ಗೋಡೆಗೆ ತೂಗುಹಾಕಿದ ಲೈಸೆನ್ಸನ್ನು ನಿಧಾನವಾಗಿ ನೋಡಿದಳು. ನೋಡುವ ರೀತಿಯ ಗುರುತು ನನಗೆ ಸಿಕ್ಕಿತು; ಆ ಕಿಟಕಿಯಲ್ಲಿ ಕೂತು ಇಷ್ಟು ವರ್ಷ ನಾನು ನೋಡಿದ್ದೂ ಹಾಗೆಯೇ. "ಈ ಕೆಲಸ ಕಲಿಯಾಕ ಏನು ಓದಬೇಕ್ರಿ?" ಎಂದು ಕೇಳಿದಳು.

ಹೇಳಿದೆ. ಯಾವ ಪರೀಕ್ಷೆ, ಯಾವ ಪುಸ್ತಕ, ತರಬೇತಿಗೆ ಹೊಸಪೇಟೆಯಲ್ಲಿ ಯಾರನ್ನು ನೋಡಬೇಕು, ಎಲ್ಲ ಬಿಡಿಸಿ ಹೇಳಿದೆ. ಅವಳು ಒಂದೊಂದನ್ನೂ ಮೊಬೈಲಿನಲ್ಲಿ ಬರೆದುಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಇಳಿದು ಹೋದಳು.