ಸ್ಲ್ಯಾಬಿನ ಕೆಳಗಿನ ಬಾಣಂತಿ ಕೋಣೆ

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೋಣೆಯೊಳಗೆ ನಿಮಗೆ ಮೈ ಸುಡುತ್ತಿದೆ, ಉಸಿರು ಕಟ್ಟುತ್ತಿದೆ. ಬಾಯಿ ಬಿಟ್ಟು ಹೇಳಿದರೆ ಮನೆಯವರು "ಎಲ್ಲಿ ಸೆಕೆ? ನಮಗೇನೂ ಆಗುತ್ತಿಲ್ಲವಲ್ಲ" ಅಂದುಬಿಟ್ಟರು. ಇದು ನಿಮಗೆ ಆಗಿದೆಯಾ? ಅದರಲ್ಲೂ ಬಾಣಂತಿಯಾಗಿದ್ದಾಗ ಆಗಿದೆಯಾ? ನಮ್ಮ ಮನೆಯಲ್ಲಿ ಆಗಿತ್ತು. ಸೆಕೆ ಅಂತ ಹೇಳಿದವಳು ನಮ್ಮ ಅಕ್ಕ. ಇಲ್ಲ ಅಂದವಳು ನಾನು. ಅದೂ ಸುಮ್ಮನೆ ಅಲ್ಲ, ಅಳೆದು ನೋಡಿ ಇಲ್ಲ ಅಂದಿದ್ದೆ.

ತೊಂಬತ್ತರ ದಶಕದ ಶುರುವಿನ ಮಾತು. ನಮ್ಮದು ಮಸ್ಕಿ. ಅಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ನಾನು ಲಿಂಗಸುಗೂರಿನಲ್ಲಿ ಪಿಯುಸಿ ಸೈನ್ಸ್, ದಿನಾ ಬಸ್ಸಿನಲ್ಲಿ ಓಡಾಟ. ಅಕ್ಕನನ್ನು ಬಳಗಾನೂರಿಗೆ ಕೊಟ್ಟಿದ್ದೆವು. ಅದು ಕಾಲುವೆ ಸೀಮೆ, ಮನೆ ಹಿಂದೆಯೇ ಭತ್ತದ ಗದ್ದೆ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಾಗ ಯುಗಾದಿ ಮುಗಿದಿತ್ತು. ಆಮೇಲೆ ಬಿಸಿಲು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ.

ಆ ವರ್ಷವೇ ಅಪ್ಪ ಹೊಸ ಮನೆ ಕಟ್ಟಿಸಿದ್ದ. ನಮ್ಮ ಓಣಿಯಲ್ಲಿ ಅದೇ ಮೊದಲ ಸಿಮೆಂಟ್ ಸ್ಲ್ಯಾಬಿನ ಮನೆ. ಅದರ ಬೆನ್ನಿಗೇ ಹಳೇ ಮನೆ ಇತ್ತು: ಎರಡು ಮೊಳ ದಪ್ಪದ ಗೋಡೆ, ಕಟ್ಟಿಗೆಯ ಮೇಲೆ ಮಣ್ಣು ಹಾಕಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಅಂಗಡಿಯ ಸಾಮಾನು ಇಡಲು ಅದನ್ನು ಬಿಟ್ಟಿದ್ದೆವು. ಅವ್ವ ಅದೇ ಹಳೇ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಣಂತನ ಮುಗಿಸಿದವಳು. ಅವಳಿಗೂ ಏನೂ ಆಗಿರಲಿಲ್ಲ, ನಮಗೂ ಏನೂ ಆಗಿರಲಿಲ್ಲ.

ಅಕ್ಕನನ್ನು ಯಾವ ಮನೆಯಲ್ಲಿ ಇಡುವುದು ಅನ್ನುವ ಮಾತು ಬಂದಾಗ ಅಪ್ಪ ಅಂದ, "ಇಂಥಾ ಮನಿ ಕಟ್ಟಿಸಿ, ಮಗಳನ್ನ ಬೆಲ್ಲದ ಪೆಂಟಿ ಜೋಡಿ ಮಲಗಸ್ಲೇನು? ಬೀಗರು ಬಂದ್ರ ನನ್ನ ಮಾರಿಗೆ ಉಗುಳ್ತಾರ."

ಅವ್ವನಿಗೂ ಹೊಸ ಕೋಣೆಯೇ ಹಿಡಿಸಿತ್ತು. "ಒಂದ ಸಂದಿಲ್ಲ, ಒಂದ ತೂತಿಲ್ಲ. ಬಾಣಂತಿಗೆ ಇದಕ್ಕಿಂತ ಛಲೋ ಖೋಲಿ ಎಲ್ಲಿ ಸಿಗತೈತಿ? ಗಾಳಿ ಅನ್ನೂದ ಒಳಗ ಬರಾಂಗಿಲ್ಲ."

ಹೆಣ್ಣು ಕೂಸು ಹುಟ್ಟಿತು. ಪಡುವಣ ಕಡೆಯ ಕೋಣೆ. ಇದ್ದ ಒಂದೇ ಕಿಟಕಿಯನ್ನು ಹಾಕಿ, ಸಂದಿಗೆ ಗೋಣಿಚೀಲ ತುರುಕಿದ್ದರು. ಎರಡು ಹೊತ್ತೂ ಎರೆದುಕೊಂಡ ಮೇಲೆ ಅಗ್ಗಿಷ್ಟಿಕೆ, ಅದರ ಮೇಲೆ ಅಜವಾನದ ಹೊಗೆ. ಅಕ್ಕನ ಕಿವಿಯಲ್ಲಿ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು. ಕೂಸಿಗೆ ಕುಂಚಿಗೆ, ಅದರ ಮೇಲೆ ಅರಿವೆ, ಅದರ ಮೇಲೆ ಕೌದಿ. ಮೇಲೆ ಫ್ಯಾನ್ ಇತ್ತು. ಆ ಸ್ವಿಚ್ಚಿಗೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ.

ದಿನಾ ಸಂಜೆ ಅಪ್ಪ ಪರದೆಯ ಆಚೆ ನಿಂತು ಕೇಳುತ್ತಿದ್ದ. "ಆರಾಮ ಅದೀಯೇನವ್ವ?"

"ಆರಾಮ ಅದೀನಪ್ಪ."

ಅಪ್ಪ ಹೋದ ಮೇಲೆ ನನ್ನ ಕೈ ಹಿಡಿದು ಜಗ್ಗುತ್ತಿದ್ದಳು. "ಲೇ, ಮುಂಜಾನಿ ಹೆಂಗರ ತಡೀತೀನಿ. ನಾಕ ಹೊಡೀತಂದ್ರ ಮ್ಯಾಲಿಂದ ಕಾವು ಇಳೀತೈತಿ ನೋಡ. ಕಾದ ಹಂಚಿನ ಬುಡಕ ಮಲಗಿದಂಗ ಆಗತೈತಿ. ಹಳೇ ಮನಿಗೆ ಒಯ್ರಿ ಅಂತ ಅಪ್ಪಗ ನೀನರ ಹೇಳ."

"ನೀನ ಯಾಕ ಹೇಳವಲ್ಲಿ? ಅಪ್ಪ ಕೇಳಿದ್ರ ಆರಾಮ ಅಂತಿ."

"ಹೊಸಾ ಮನಿ ಕಟ್ಟಿಸ್ಯಾನ. ಹೆಂಗ ಹೇಳ್ಲಿ?"

ನಾನು ಹೇಳಬಹುದಿತ್ತು. ಆದರೆ ನಾನು ಸೈನ್ಸ್ ಓದುವವಳು, ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಮಾತನ್ನು ಹಾಗೇ ಒಪ್ಪಿಕೊಂಡರೆ ನನ್ನ ಓದಿಗೆ ಏನು ಬೆಲೆ? ಅಳೆದೇ ಹೇಳೋಣ ಅಂತ ತೀರ್ಮಾನಿಸಿದೆ. ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರನ್ನು ಕಾಡಿ ಥರ್ಮಾಮೀಟರ್ ಇಸಕೊಂಡು ಬಂದೆ. "ಒಡದಿ ಅಂದ್ರ ನಿಮ್ಮಪ್ಪನ ಅಂಗಡ್ಯಾಗಿಂದ ಒಂದ ಚೀಲ ಸಕ್ರಿ ತರಬೇಕಾಗತೈತಿ ನೋಡವ್ವ" ಅಂದಿದ್ದರು.

ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಳೆದೆ. ಆಗ ನನಗೆ ಪುರಸೊತ್ತಿತ್ತು, ಅಷ್ಟೇ ಕಾರಣ. ಕೆಂಡದ ಕಾವು ತಾಗಬಾರದು ಅಂತ ದೂರದ ಒಳಗೋಡೆಯ ಮೊಳೆಗೆ ನೇತುಹಾಕಿ, ಇಪ್ಪತ್ತು ನಿಮಿಷ ಕಾದೆ. ಹೊಸ ಕೋಣೆಯಲ್ಲಿ ಮೂವತ್ತೈದು. ಹಳೇ ಮನೆಯಲ್ಲಿ ಮೂವತ್ತನಾಲ್ಕು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದು, ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನಿಗೆ ತೋರಿಸಿದೆ. "ಒಂದ ಡಿಗ್ರಿ ಫರಕ್ ಐತಿ, ಅಷ್ಟ."

ಅಪ್ಪನಿಗೆ ಖುಷಿಯಾಯಿತು. ಪರದೆಯ ಕಡೆ ತಿರುಗಿ ಅಂದ, "ನಮ್ಮವ್ವಗ ಕೆನಾಲ್ ಗಾಳಿ ರೂಢಿ ಆಗೈತಿ. ಬಳಗಾನೂರಿನ ರಾಣಿ ಆಗ್ಯಾಳ."

ಎಲ್ಲರೂ ನಕ್ಕೆವು. ಒಳಗಿಂದ ಅಕ್ಕ ನಕ್ಕದ್ದೂ ಕೇಳಿಸಿತು. ಅವತ್ತಿನಿಂದ ಅವಳು ಸೆಕೆಯ ಮಾತೇ ಎತ್ತಲಿಲ್ಲ. ನನಗೂ ಆರಾಮ ಅಂತಲೇ ಹೇಳತೊಡಗಿದಳು.

ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಒಂದು ಸಂಜೆ ಅದು ಮೊಲೆ ಹಿಡಿಯಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಅವ್ವ ಹಣೆ ಮುಟ್ಟಿ ನೋಡಿ, "ಥಂಡಿ ಹತ್ತೈತಿ. ನೀ ಪರದೆ ಸರಿಸಿ ಒಳಗ ಹೊರಗ ಅಡ್ಡಾಡತಿಯಲ್ಲ, ಅದಕ್ಕ" ಅಂತ ನನ್ನನ್ನು ಬೈದಳು. ಜ್ವರ ಅಂದರೆ ಥಂಡಿ, ಥಂಡಿಗೆ ಕಾವು. ನಮ್ಮಲ್ಲಿ ಯಾರಿಗೂ ಇದರಾಚೆ ಹೊಳೆಯುತ್ತಿರಲಿಲ್ಲ. ಇನ್ನೊಂದು ಕೌದಿ ಹೊದಿಸಿದರು. ಅಗ್ಗಿಷ್ಟಿಕೆಗೆ ಹೊಸ ಕೆಂಡ ಹಾಕಿದರು. ನಾನು ಬುದ್ಧಿವಂತಳು ಮತ್ತೆ ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿದೆ. ಮೂವತ್ತೆಂಟು. ಹೊರಗೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾದರೆ ಕೋಣೆಯದೇನೂ ತಪ್ಪಿಲ್ಲ ಅಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಮರುದಿನ ಮೊದಲ ಬಸ್ಸಿಗೆ ಅವ್ವ, ಅಕ್ಕ, ನಾನು ಲಿಂಗಸುಗೂರಿಗೆ ಹೋದೆವು. ಡಾಕ್ಟರು ವಯಸ್ಸಾದವರು. ಮಾತಾಡದೆ ಒಂದೊಂದೇ ಬಟ್ಟೆ ಬಿಚ್ಚಿದರು. ಕೊನೆಗೆ ಕುಂಚಿಗೆ ತೆಗೆದಾಗ ಕೂಸಿನ ಕೂದಲು ತಲೆಗೆ ಅಂಟಿತ್ತು.

"ಎಲ್ಲಿ ಮಲಗಸ್ತೀರಿ ಇದನ್ನ?"

"ಹೊಸಾ ಮನಿಯಾಗ್ರಿ. ಸ್ಲ್ಯಾಬಿಂದು" ಅಂದಳು ಅವ್ವ. ಆಗಲೂ ಅದರಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ಬೆಂಕಿ ಇಡತೀರೇನು?"

"ಇಡಬೇಕಲ್ರಿ."

ಒದ್ದೆ ಬಟ್ಟೆಯಿಂದ ಒರೆಸಿದರು, ಸೂಜಿ ಹಾಕಿದರು. ಮಧ್ಯಾಹ್ನಕ್ಕೆ ಕೂಸು ಹೋಯಿತು. "ಇದರಿಂದನ ಹೋತು ಅಂತ ನಾ ಹೇಳಾಂಗಿಲ್ಲ. ಆದ್ರ ಈ ಬ್ಯಾಸಿಗ್ಯಾಗ ಇಷ್ಟ ಸುತ್ತಬಾರದಾಗಿತ್ತು, ತಾಯಿ" ಅಂದರು ಡಾಕ್ಟರು, ಅವ್ವನಿಗೆ. ನನ್ನ ನೋಟ್‌ಬುಕ್ಕಿನ ವಿಷಯ ಅವರಿಗೇನು ಗೊತ್ತು.

ಬರುವಾಗ ಕಂಡಕ್ಟರಿಗೆ ಹೇಳಲಿಲ್ಲ. ಹೇಳಿದರೆ ಇಳಿಸುತ್ತಾರೆ ಅಂತ ಭಯ. ಅಕ್ಕ ಕೂಸನ್ನು ಮಲಗಿದ ಹಾಗೆ ಎದೆಗೆ ಒತ್ತಿಕೊಂಡು ಕೂತಳು. ಪಕ್ಕದ ಸೀಟಿನ ಹೆಂಗಸೊಬ್ಬಳು ಬಗ್ಗಿ ನೋಡಿ, "ಏನ ಗಪ್ಪನ ಮಲಗೈತಿ ನೋಡ್ರಿ ಕೂಸು. ನಮ್ಮವು ಇಂಥಾ ಸೆಕಿಯಾಗ ಬಸ್ಸ ಕಿತ್ತಿಡತಾವು" ಅಂದಳು. ಅಕ್ಕ "ಹೂಂರಿ" ಅಂದಳು. ಮಸ್ಕಿ ಬರುವವರೆಗೂ ಅಷ್ಟೇ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡನೆಯ ಹೆರಿಗೆಗೆ ತವರಿಗೆ ಬರಲಿಲ್ಲ, ಬಳಗಾನೂರಿನಲ್ಲೇ ಆಯಿತು. ಆ ಮಗ ಉಳಿದ.

ತೊಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನಲ್ಲಿ ಶಾಲೆಯ ಮೇಡಂ ಆಗಿದ್ದೆ. ಮಾಸ್ತರರಿಗೆಲ್ಲ ಒಂದು ತರಬೇತಿ ಇತ್ತು. ಕಟ್ಟಡಗಳ ಕಾವಿನ ಬಗ್ಗೆ ಹೇಳಲು ಒಬ್ಬ ಇಂಜಿನಿಯರಿಂಗ್ ಮೇಷ್ಟ್ರು ಬಂದಿದ್ದರು. ಅವರ ಹತ್ತಿರ ತೆಂಗಿನಕಾಯಿ ಗಾತ್ರದ ತಾಮ್ರದ ಟೊಳ್ಳು ಗುಂಡು ಇತ್ತು. ಅದಕ್ಕೆ ಕಪ್ಪು ಬಣ್ಣ ಬಳಿದು, ಒಳಗೆ ಥರ್ಮಾಮೀಟರ್ ತೂರಿಸಿದ್ದರು. "ಸಾದಾ ಥರ್ಮಾಮೀಟರ್ ಗಾಳಿ ಎಷ್ಟ ಕಾದೈತಿ ಅಂತ ಹೇಳತೈತ್ರಿ. ಗ್ವಾಡಿ, ಸ್ಲ್ಯಾಬು ಕಾದು ನಿಮ್ಮ ಮೈಮ್ಯಾಲ ಒಗಿಯೂ ಕಾವು ಅದರಾಗ ಪೂರಾ ಬರಾಂಗಿಲ್ಲ. ಅದು ಬೇಕಂದ್ರ ಈ ಗುಂಡು. ಅದಲ್ಲದ ಗಾಳಿ ಆಡತೈತೋ ಇಲ್ಲೋ, ಗಾಳ್ಯಾಗ ಹಸಿ ಎಷ್ಟೈತಿ, ಮೈಮ್ಯಾಲ ಎಷ್ಟ ಅರಿಬಿ ಅದಾವು, ಎಲ್ಲಾ ಲೆಕ್ಕಕ್ಕ ಬರತೈತಿ. ಸ್ಲ್ಯಾಬ್ ಅಂತೂ ಮುಂಜಾನಿ ಅಳೀಬ್ಯಾಡ್ರಿ. ಹಗಲೆಲ್ಲಾ ಕಾದು ಸಂಜಿಮುಂದ ಬಿಡತೈತಿ ಅದು."

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಆಮೇಲೆ ಅವರು ಒಂದು ಹಾಳೆ ಹಂಚಿದರು. ಏಳು ಖಾನೆ. ಈ ತುದಿಗೆ ತೀರಾ ಥಂಡಿ, ಆ ತುದಿಗೆ ತೀರಾ ಸೆಕೆ, ನಡುವೆ ಹಿತ. ಕೋಣೆಯಲ್ಲಿ ಕೂತವರನ್ನು ಕೇಳಿ ಗುರುತು ಹಾಕಿಸಬೇಕು. "ಇದನ್ನ ಕೇಳಲಾರದ ಗುಂಡು ಇಟ್ರೂ ಉಪಯೋಗಿಲ್ರಿ. ಮತ್ತ ಮನಿ ಹಿರ್ಯಾರ ಮುಂದ ಕೇಳಬ್ಯಾಡ್ರಿ, ಎಲ್ಲಾರೂ ಆರಾಮ ಅಂತಾರ."

ಬೇಸಿಗೆ ರಜೆಯ ಒಂದು ಭಾನುವಾರ ಆ ಗುಂಡನ್ನು ಕೇಳಿ ತಂದು ಮಸ್ಕಿಗೆ ಹೋದೆ. ಅದೇ ಕೋಣೆ, ಕಿಟಕಿ ಹಾಕಿ, ಹೊರಸು ಇದ್ದ ಜಾಗದಲ್ಲಿ, ಸಂಜೆ ಐದಕ್ಕೆ. ಗಾಳಿ ಮೂವತ್ತೆಂಟು. ಗುಂಡು ನಲವತ್ತೆರಡು. ಅದೂ ಕೆಂಡ ಇಲ್ಲದೆ. ಅಪ್ಪ ಬಾಗಿಲಲ್ಲಿ ನಿಂತು, "ಅದೇನ ಬೇ, ಕರೇ ಗುಂಡು?" ಅಂದ. ಏನಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಅಲ್ಲಿಂದ ಬಳಗಾನೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹಾಳೆ ಮುಂದಿಟ್ಟು, ಯಾವ ಖಾನೆ ಏನು ಅಂತ ಓದಿ ಹೇಳಿದೆ. ಆವತ್ತಿನ ಕೋಣೆಗೆ ಗುರುತು ಹಾಕು ಅಂದೆ.

ಮೊರ ಕೆಳಗಿಟ್ಟಳು. "ಈಗ ಕೇಳಾಕ ಬಂದಿಯೇನು?"

ನಾನು ಪೆನ್ನಿನ ಮುಚ್ಚಳ ತೆಗೆದೆ. ಅವಳು ಹಾಳೆಯನ್ನು ಹತ್ತಿರ ಹಿಡಿದು ನೋಡಿದಳು. ಬೆರಳು ಕೊನೆಯ ಖಾನೆಗೆ ಹೋಗಿ ನಿಂತಿತು.

"ಇದರ ಮುಂದ ಖಾನಿ ಇಲ್ಲೇನು?"

"ಇಲ್ಲ."

ಪೆನ್ನು ಇಸಕೊಂಡು ಖಾನೆ ಮುಗಿದ ಕಡೆ, ಖಾಲಿ ಅಂಚಿನಲ್ಲಿ ಗೀಟು ಎಳೆದಳು. ಮತ್ತೆ ಮೊರ ಎತ್ತಿಕೊಂಡಳು.

ಹುಟ್ಟಿದ ಕೂಸಿನ ತೂಕ ಎಷ್ಟಿತ್ತು, ಯಾವ ವಾರ ಹುಟ್ಟಿತು ಅಂತ ನಿಮಗೆಲ್ಲ ನೆನಪಿರುತ್ತದೆ. ನನಗೆ ಅದು ಬೇಡ. ನೀವು ಮಲಗಿದ್ದ ಕೋಣೆಯ ಮೇಲೆ ಏನಿತ್ತು, ಮಣ್ಣೋ ತಗಡೋ ಸ್ಲ್ಯಾಬೋ, ಕಿಟಕಿ ತೆಗೆದಿತ್ತೋ ಹಾಕಿತ್ತೋ, ಸೆಕೆ ಅಂತ ಯಾರ ಹತ್ತಿರ ಹೇಳಿಕೊಂಡಿರಿ, ಅವರು ಏನಂದರು, ಇದನ್ನು ಕೆಳಗೆ ಬರೆಯಿರಿ. ಹೇಳಲಾಗದೆ ಆರಾಮ ಅಂದಿದ್ದರೆ ಅದನ್ನೂ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.