ಹ್ಯಾನಳ ಹೆಸರಿನ ಜಗ್ಗು

ನಮ್ಮ ಬಂದರು ಊರು ಸಂಡರ್‌ಲ್ಯಾಂಡಿನಲ್ಲಿ ಹಳೆಯ ಗುಲಾಬಿ ಹೊಳಪಿನ ಪಿಂಗಾಣಿ ಜಗ್ಗು ಕೊಳ್ಳುವವರು ಮೊದಲು ಸ್ಟ್ಯಾನ್ಲಿ ಹೆಪಲ್‌ನನ್ನು ಹುಡುಕಿಕೊಂಡು ಬರುತ್ತಿದ್ದರು. ಹಡಗು ಕಾರ್ಖಾನೆಯ ಸದ್ದಿನಲ್ಲಿ ದುಡಿದು ಅರ್ಧ ಕಿವುಡನಾಗಿದ್ದವನು. ಆದರೂ ಅಂಚಿಗೆ ಬೆರಳಿನಿಂದ ತಟ್ಟಿ, ಕಣಕಣ ಎಂದರೆ ಗಟ್ಟಿ, ಮಂಕಾದರೆ ಒಡಕು ಎಂದು ಹೇಳಿಬಿಡುತ್ತಿದ್ದ. ಒಡೆದದ್ದನ್ನು ಅಂಟಿಸಿ ಮುಚ್ಚಿಟ್ಟವರನ್ನು ಮತ್ತೆ ಮಾತಾಡಿಸುತ್ತಿರಲಿಲ್ಲ. ಅಷ್ಟು ಹಟಮಾರಿ.

ಅವನ ಕಪಾಟಿನ ಜಗ್ಗುಗಳಲ್ಲಿ ಒಂದರ ಮೇಲೆ, ಹಡಗಿನ ಚಿತ್ರದ ಕೆಳಗೆ, ಹ್ಯಾನ ಎಂಬ ಹೆಸರಿತ್ತು. ಹಿಂದಿನ ನಾವಿಕರು ಮನೆಯ ಹೆಣ್ಣುಮಕ್ಕಳ ಹೆಸರು ಬರೆಸಿ ತರುತ್ತಿದ್ದರಲ್ಲ, ಅಂಥದ್ದು. ತನ್ನ ಮಗಳು ಹ್ಯಾನ ಹುಟ್ಟಿದಾಗ ಊರೂರು ಅಲೆದು ಅವಳ ಹೆಸರಿನದನ್ನೇ ಹುಡುಕಿ ತಂದಿದ್ದ. ಆ ಹುಡುಗಿ ಒಂಬತ್ತನೇ ವಯಸ್ಸಿಗೆ ಮಿದುಳು ಜ್ವರದಲ್ಲಿ ತೀರಿಕೊಂಡಳು.

ಸಂಗ್ರಾಹಕರ ಸಂಘದ ಕೂಟದಲ್ಲಿ ಮೇಜಿಗೆ ಬಂದ ಜಗ್ಗನ್ನು ಎಲ್ಲರೂ ತಟ್ಟಿ ನೋಡುವುದು ರೂಢಿ. ಸ್ಟ್ಯಾನ್ಲಿ ಹ್ಯಾನಳ ಜಗ್ಗನ್ನು ಅಲ್ಲಿಗೆ ಎಂದೂ ಒಯ್ದಿರಲಿಲ್ಲ. ಒಂದು ವರ್ಷದ ಕೂಟಕ್ಕೆ ಅವನ ಮನೆಯಿಂದ ಜಗ್ಗುಗಳನ್ನು ಸಾಗಿಸಿದ ಸಂಘದ ಕಾರ್ಯದರ್ಶಿ ಕತ್‌ಬರ್ಟ್, ಕೇಳದೆಯೇ ಅದನ್ನೂ ಪೆಟ್ಟಿಗೆಗೆ ಸೇರಿಸಿಬಿಟ್ಟ.

ಚರ್ಚಿನ ಸಭಾಂಗಣದ ಆ ಕೂಟದಲ್ಲಿ ಕತ್‌ಬರ್ಟ್ ಅದನ್ನು ತಟ್ಟಿದ. ಒಡೆದ ಮಡಕೆ ಬಡಿದಂತೆ ಮಂಕು ಸದ್ದು ಬಂತು. ಟೀ ಬಗ್ಗಿಸುತ್ತಿದ್ದ ಸ್ಟ್ಯಾನ್ಲಿಯ ಹೆಂಡತಿ ಡೋರೀನ್‌ಳ ಮುಖ ಬಿಳಿಚಿಕೊಂಡಿತು.

"ಏನಯ್ಯಾ ಸ್ಟ್ಯಾನ್, ನಮಗೆಲ್ಲ ಪಾಠ ಹೇಳ್ತಿದ್ದೆ. ನಿನ್ ಮನೇದೇ ಅಂಟಿಸಿದ್ದಾ?" ಎಂದ ಕತ್‌ಬರ್ಟ್.

"ಹೂಂ. ತೊಳೀವಾಗ ನಾನೇ ಬೀಳಿಸ್ದೆ. ನಾಚ್ಕೆಯಾಗಿ ಮುಚ್ಚಿಟ್ಟಿದ್ದೆ," ಎಂದ ಸ್ಟ್ಯಾನ್ಲಿ.

ಆಮೇಲೆ ಜಗ್ಗು ನೋಡಲು ಅವನನ್ನು ಯಾರೂ ಕರೆಯಲಿಲ್ಲ. ಅವನಿಂದ ಕಲಿತವರೇ ಮುಖ ತಿರುಗಿಸಿದರು. ನನಗೆ ಆ ಮಂದಿಯ ಮೇಲೆ ಇಂದಿಗೂ ಸಿಟ್ಟಿದೆ.

ಅವತ್ತು ಗಂಡ ಹೆಂಡತಿಯನ್ನು ಕಾರಿನಲ್ಲಿ ಮನೆಗೆ ಕರೆತಂದವನು ಪಕ್ಕದ ಮನೆಯ ನಾನು. ಹಿಂದಿನ ಸೀಟಿನಲ್ಲಿ ಡೋರೀನ್ ಗಂಡನ ಕಡೆ ತಿರುಗಿದಳು.

"ಸುಳ್ಳು ಯಾಕೆ ಹೇಳ್ದೆ? ಒಡೆದೋಳು ನಾನು. ಮಗೂನ ಮಣ್ಣು ಮಾಡಿ ಬಂದ ವಾರ."

"ಗೊತ್ತು."

"ಕೈಜಾರಿ ಅಲ್ಲ, ಸ್ಟ್ಯಾನ್. ಗೋಡೆಗೆ ಎಸೆದೆ. ಹೆಸರಿದೆ, ಮಗು ಇಲ್ಲ, ನೋಡಕ್ಕಾಗ್ಲಿಲ್ಲ. ಆಮೇಲೆ ಹೆದರಿ, ನಿಂಗೆ ಗೊತ್ತಾಗ್ದಂಗೆ ಅಂಟಿಸ್ದೆ."

"ಅದೂ ಗೊತ್ತು ಕಣೇ. ಗೋಡೆ ಗಾರೆ ಎದ್ದಿತ್ತು. ನಾನೇ ಮೆತ್ತಿ ಬಣ್ಣ ಹೊಡ್ದೆ."

ಡೋರೀನ್ ಬಿಕ್ಕಿದಳು. "ಮತ್ತೆ ಇಷ್ಟು ವರ್ಷ ಒಂದು ಮಾತೂ ಎತ್ಲಿಲ್ಲ?"

"ಎತ್ತಿದ್ರೆ ಹ್ಯಾನ ಅನ್ನಬೇಕಿತ್ತಲ್ಲ," ಎಂದ ಸ್ಟ್ಯಾನ್ಲಿ. "ಅದು ನನ್ನ ಕೈಲಿ ಆಗ್ತಿರ್ಲಿಲ್ಲ."