ಹೊಟ್ಟೆನೋವು ಎಂಬ ಮಾತು

ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಲ್ಯಾಬಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ತಾಳಿ, ಕಾಲುಂಗುರ ಬಿಚ್ಚಿಡು ಎಂದರು. ಗಂಡ ಗುಂಡುಕಲ್ಲಿನ ಹಾಗೆ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿರುವಾಗ ಇದೆಂಥ ಅಪಶಕುನ ಎಂದು ಹೆದರಿದೆ. ಆ ಲ್ಯಾಬಿನಲ್ಲಿ ಮೆದುಳಿನ ಚಿತ್ರ ತೆಗೆಯುವ ದೊಡ್ಡ ಅಯಸ್ಕಾಂತದ ಯಂತ್ರವಿತ್ತು. ಅದರ ಕೋಣೆಗೆ ಲೋಹ ಕೂಡದು. ತಾವಾಗಿ ಸಾಯಹೋಗಿ ಬದುಕುಳಿದವರ ಮೆದುಳಿನಲ್ಲಿ ಏನಾದರೂ ಬೇರೆ ಕಾಣುತ್ತದೆಯೇ ಎಂದು ಅಲ್ಲಿನ ಡಾಕ್ಟರು ಹುಡುಕುತ್ತಿದ್ದರು. ನಾನು ಸಹಾಯಕಿ.

ಇಲ್ಲಿ ಮೂಲೆಯಂಗಡಿಗೆ ‘ದೆಪನೂರ್’ ಎನ್ನುತ್ತಾರೆ. ನಮ್ಮೂರು ಹೊನ್ನೂರು, ಯಳಂದೂರಿನ ಆಸುಪಾಸಿನ ಊರೇನೋ ಎನಿಸಿ ನಗು ಬಂದಿತ್ತು. ಅಲ್ಲಿ ಫ್ರೆಂಚಿನಲ್ಲಿ ಹಾಲು ಕೇಳಿ ತಂದ ದಿನ ಮನೆಯಲ್ಲಿ ಪಾಯಸ ಮಾಡಿದೆ. ನಮ್ಮೂರಲ್ಲಿ ಸಾವಾದರೆ ಬೀದಿಯವರೆಲ್ಲ ಬಂದು ಕೂರುತ್ತಾರೆ. ಇಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದಾರೆಂಬುದೇ ಗೊತ್ತಿಲ್ಲ.

ಒಂದು ದಿನ ಡಾಕ್ಟರಮ್ಮ, ಹೋಲಿಸಿ ನೋಡಲು ಅಂಥ ಸಾವಿಲ್ಲದ ಮನೆತನದವರ ಚಿತ್ರವೂ ಬೇಕು, ನೀನು ಮಲಗುತ್ತೀಯಾ ಎಂದರು. ನಿಮ್ಮಲ್ಲಿ ಯಾರಾದರೂ ತಾವಾಗಿ ಪ್ರಾಣ ಕಳೆದುಕೊಂಡಿದ್ದಾರೆಯೇ ಎಂದೂ ಕೇಳಿದರು. ಇಲ್ಲ, ಅಕ್ಕ ಮಾತ್ರ ಚಿಕ್ಕ ವಯಸ್ಸಿಗೇ ಹೊಟ್ಟೆನೋವು ತಾಳಲಾರದೆ ಹೋದಳು ಎಂದೆ. ಹೊಟ್ಟೆಯಲ್ಲಿ ಏನಾಗಿತ್ತು ಎಂದರು. ನಾಳೆ ಹೇಳುತ್ತೇನೆ ಎಂದೆ. ಅಕ್ಕ ಹೊಟ್ಟೆ ಹಿಡಿದುಕೊಂಡದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಯಾರಾದರೂ ತಾವಾಗಿ ಸತ್ತರೆ ಪೊಲೀಸರಿಗೆ, ನೆಂಟರಿಗೆ, ಪೇಪರಿನವರಿಗೆ ನಮ್ಮ ಕಡೆ ಹೇಳುವ ಮಾತು ಅದು. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ನಿಜ ಹೇಳಲೇ ಎಂದು ಕೇಳಲು ಹೊನ್ನೂರಿಗೆ ಫೋನ್ ಮಾಡಿದೆ. ಊರಿನ ಅಂಗಡಿಯ ಫೋನಿಗೆ ಬಂದ ಅವ್ವ ದನಿ ತಗ್ಗಿಸಿದಳು. ಕೊಳ್ಳೇಗಾಲದ ಗಂಡಿನವರು ಆಗಷ್ಟೇ ನನ್ನ ತಂಗಿಯನ್ನು ಒಪ್ಪಿ ಹೋಗಿದ್ದರು. ಮಾತು ಹಬ್ಬಿದರೆ ಸಂಬಂಧ ಮುರಿಯುತ್ತಿತ್ತು. ನಾನು ಲ್ಯಾಬಿನ ಯಂತ್ರದ ವಿಷಯ ಹೇಳಿದ ಮೇಲೆ ಕೇಳಿದಳು:

“ಆ ಮಿಷನ್ನು ಆಗ್ಲೇ ನಮ್ ಕಡೆ ಇದ್ದಿದ್ರೆ, ಅವ್ಳ ಸಂಕ್ಟ ನಂಗೆ ಕಾಣ್ತಿತ್ತಾ?”

ಒಬ್ಬರ ಚಿತ್ರ ನೋಡಿ ಅಷ್ಟು ಹೇಳಲು ಇವರಿಗೂ ಇನ್ನೂ ಬರುವುದಿಲ್ಲ ಎಂದೆ. ಅವ್ವ ಅತ್ತಳು.

“ಅಲ್ಲಿ ಯೋಳ್ಕೊ ಕಣವ್ವ. ಇಲ್ಲಿ ಮಾತ್ರ ಒಟ್ಟೆನೋವೇ ಇರ್ಲಿ.”

ಮರುದಿನ ಅಕ್ಕ ತಾನಾಗಿ ಪ್ರಾಣ ಕಳೆದುಕೊಂಡದ್ದನ್ನು ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಾಗಾದರೆ ನಿನ್ನ ಚಿತ್ರ ಆ ಗುಂಪಿಗೆ ಸೇರದು ಎಂದು ಅವರು ನನ್ನ ಕೈ ಹಿಡಿದುಕೊಂಡರು. ನನಗೆ ತುಂಬ ದುಃಖವಾಯಿತು, ಹಗುರವೂ ಆಯಿತು.

ಈಗ ತಂಗಿಗೆ ಮಕ್ಕಳಾಗಿವೆ, ಅವ್ವ ಇಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಇಲ್ಲಿ ಅಕ್ಕ ಹೇಗೆ ಹೋದಳೆಂದು ಹೇಳಿ ಅಳಬಹುದು, ಆದರೆ ಅವಳನ್ನು ಕಂಡವರು ಒಬ್ಬರೂ ಇಲ್ಲ. ಊರಿನಲ್ಲಿ ಎಲ್ಲರೂ ಅವಳನ್ನು ಕಂಡವರೇ. ಅವರೆದುರು ನಾನು ಇವತ್ತಿಗೂ ಹೊಟ್ಟೆನೋವು ಎಂದೇ ಹೇಳುತ್ತೇನೆ.